ಹಿಂದಿನ ಸಾಲಿನಲ್ಲಿ ಹೆಟ್ಟಿ ಹಿಂಡಲ್

ಇಂಗ್ಲಿಷ್ ಪಾಠದ ಪುಸ್ತಕ ತೆಗೆದು ನೋಡಿ. ‘ಷೋ ಅಪ್’ ಎಂದರೆ ಬಂದು ಮುಖ ತೋರಿಸುವುದು. ಬಟ್ಟೆಯ ಕಲೆ ಬೆಳಕಿಗೆ ಎದ್ದು ಕಾಣುವುದಕ್ಕೂ ಅದೇ ಮಾತು. ಲ್ಯಾಂಕಷೈರ್‌ನ ನಮ್ಮ ಬೀದಿಯಲ್ಲಿ ಈ ಎರಡಕ್ಕಿಂತ ಹೆಚ್ಚು ಓಡಾಡುತ್ತಿದ್ದ ಅರ್ಥ ಬೇರೆ: ನಾಲ್ಕು ಜನರೆದುರು ನಮ್ಮವರ ಮಾನ ಕಳೆಯುವುದು. ಮಕ್ಕಳು ಬಸ್ಸಿನಲ್ಲಿ ತೋಳಿಗೆ ಮೂಗು ಒರೆಸಿಕೊಂಡರೆ, ಚರ್ಚಿನಲ್ಲಿ ಆಕಳಿಸಿದರೆ, ತಾಯಂದಿರು ಹಲ್ಲು ಕಚ್ಚಿ, “ನನ್ನ ಷೋ ಅಪ್ ಮಾಡ್ಬೇಡ” ಎನ್ನುತ್ತಿದ್ದರು. ದೊಡ್ಡವರು ಚಿಕ್ಕವರಿಗೆ ಹೇಳುವ ಮಾತದು. ಹನ್ನೆರಡು ವರ್ಷದ ನಾನು ಅದನ್ನು ಹೆತ್ತ ತಾಯಿಗೆ ಹೇಳಿದೆ.

ಅಮ್ಮ ಹೆಟ್ಟಿ ಹಿಂಡಲ್, ಹದಿನಾಲ್ಕಕ್ಕೇ ಹತ್ತಿ ಗಿರಣಿ ಸೇರಿದವಳು. ಮುನ್ನೂರು ಮಗ್ಗ ಒಟ್ಟಿಗೆ ಬಡಿಯುವ ಕಡೆ ಗಂಟಲಿಗೇನು ಕೆಲಸ? ನೇಯುವ ಹೆಂಗಸರು ದನಿಯಿಲ್ಲದೆ, ತುಟಿ ಅಗಲಿಸಿ, ಮೂತಿ ಚಾಚಿ ಮಾತಾಡುತ್ತಿದ್ದರು. ಶೆಡ್ಡಿನ ಆ ತುದಿಯಲ್ಲಿ ಆಡಿದ ಚಾಡಿಯನ್ನು ಈ ತುದಿಯವಳು ಕಣ್ಣಲ್ಲೇ ಓದಿಕೊಳ್ಳುತ್ತಿದ್ದಳು. ಮನೆಗೆ ಬಂದರೂ ಅಮ್ಮನಿಗೆ ಆ ಬಾಯಿ ಹೋಗಲಿಲ್ಲ. ಎದುರು ಮನೆಯ ಸೇಡಿ ಆಂಟಿಯೂ ಮಗ್ಗದವಳೇ. ಇಬ್ಬರೂ ಮುಚ್ಚಿದ ಕಿಟಕಿಗಳಾಚೆಯಿಂದಲೇ ಹರಟುತ್ತಿದ್ದರು. ನೋಡಿ ನೋಡಿ ನನಗೂ ತುಟಿ ಓದಲು ಬರುತ್ತಿತ್ತು.

ನಾನು ಸ್ಕಾಲರ್‌ಶಿಪ್ ಪಡೆದು ಹೆಣ್ಣುಮಕ್ಕಳ ದೊಡ್ಡ ಶಾಲೆ ಸೇರಿದೆ. ಮೊದಲ ವರ್ಷವೇ ಪ್ರಬಂಧಕ್ಕೆ ಬಹುಮಾನ. ಸಮಾರಂಭಕ್ಕೆಂದು ಅಮ್ಮ ಸೇಡಿ ಆಂಟಿಯ ನೀಲಿ ಟೋಪಿ ಎರವಲು ತಂದಳು.

“ಜೋಪಾನ ಕಣೇ ಹೆಟ್ಟಿ, ನನ್ನ ಗಂಡನಿಗಿಂತ ಚೆನ್ನಾಗಿ ನೋಡ್ಕೊಂಡಿದೀನಿ ಅದನ್ನ!”

“ನಿನ್ನ ಗಂಡನ್ನ ನೋಡಿದ್ರೇ ಗೊತ್ತಾಗುತ್ತೆ ಬಿಡು.”

ಹೊರಡುವಾಗ ನಾನು ಬಾಗಿಲಲ್ಲಿ ನಿಂತು ಹೇಳಿದೆ. “ಅಮ್ಮಾ, ಅಲ್ಲಿ ಬಾಯಿ ಅಷ್ಟಗಲ ಮಾಡ್ಬೇಡ. ನನ್ನ ಷೋ ಅಪ್ ಮಾಡ್ಬೇಡ.”

ಅವಳ ಕೈ ಟೋಪಿಯ ಮೇಲೇ ನಿಂತಿತು. “ಆಯ್ತು ಮಗಾ. ತುಟಿ ಹೊಲ್ಕೊಂಡು ಕೂತಿರ್ತೀನಿ.”

ಹಾಗೆಯೇ ಕೂತಳು, ಕಟ್ಟಕಡೆಯ ಸಾಲಿನಲ್ಲಿ. ವೇದಿಕೆಯ ಮೇಲೆ ನನ್ನ ಪಕ್ಕ ಡಾಕ್ಟರ ಮಗಳು ರೋಸಲಿಂಡ್. “ಹಿಂದೆ ನೀಲಿ ಟೋಪಿಯವಳು ನಿನ್ನೇ ನೋಡ್ತಿದಾಳಲ್ಲ, ಯಾರೇ ಅದು?”

“ನಮ್ಮನೆ ಕೆಲಸದೋಳು” ಎಂದೆ.

ಚಪ್ಪಾಳೆಯ ಸದ್ದು. “ಏನಂದೆ?”

ಎರಡನೇ ಸಲ ತುಟಿ ಬಿಡಿಸಿ, ಒಂದೊಂದೇ ಅಕ್ಷರ ಸ್ಪಷ್ಟವಾಗಿ ಹೇಳಿದೆ. ಹೇಳಿ ಮುಗಿಸಿ ತಲೆಯೆತ್ತಿದಾಗ ಅಮ್ಮನ ಕಣ್ಣು ನನ್ನ ಬಾಯಿಯ ಮೇಲಿತ್ತು. ಇಡೀ ಸಭೆಯಲ್ಲಿ ಆ ಮಾತು ಮುಟ್ಟಬಾರದಾಗಿದ್ದ ಒಬ್ಬಳಿಗೆ ಅದು ಮುಟ್ಟಿತ್ತು. ಮಗ್ಗದವಳ ಮಗಳು ನಾನು, ಅದನ್ನೇ ಮರೆತಿದ್ದೆ.

ನನ್ನ ಹೆಸರು ಕೂಗಿದಾಗ ಅಮ್ಮ ಕೈ ಕೆಂಪಾಗುವಷ್ಟು ತಟ್ಟಿದಳು.

ಆಮೇಲೆ ಚಹಾ. ಅಮ್ಮ ಕೋಟುಗಳ ಗೂಟದ ಪಕ್ಕ ಗೋಡೆಗೆ ಒರಗಿದ್ದಳು. ಮಗಳಿಂದ ವಿಷಯ ತಿಳಿದಿದ್ದ ರೋಸಲಿಂಡಳ ತಾಯಿ ನಗುನಗುತ್ತಾ ಹೋಗಿ ಕೇಳಿಯೇಬಿಟ್ಟರು: “ಇವರ ಮನೇಲಿ ಕೆಲಸಕ್ಕಿದ್ದು ತುಂಬಾ ದಿನ ಆಯ್ತೇನಮ್ಮ?”

ನಾನು ಲೋಟ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಅಲ್ಲ, ಇವಳು ನನ್ನಮ್ಮ ಎನ್ನಲು ಅರೆಗಳಿಗೆ ಸಮಯವಿತ್ತು. ಅನ್ನಲಿಲ್ಲ.

“ಇವಳು ಹುಟ್ಟಿದಾಗಿಂದ, ಅಮ್ಮೋರೇ” ಎಂದಳು ಅಮ್ಮ, ಮೆಲ್ಲಗೆ, ಬಾಯಿ ಅಗಲಿಸದೆ.

ಶಾಲೆಯೇ ಹಾಗೆ ಕಲಿಸಿತು ಎಂದು ಬೈದು ನಾನು ಕೈತೊಳೆದುಕೊಳ್ಳಬಹುದು. ನಮ್ಮ ಮಾತನ್ನು ಕೊಳೆಯೆಂದು ಉಜ್ಜಿ ತೆಗೆಸುತ್ತಿದ್ದ ಆ ಟೀಚರುಗಳ ಮೇಲಿನ ಸಿಟ್ಟು ಇನ್ನೂ ಆರಿಲ್ಲ. ಆದರೆ ಆ ಸುಳ್ಳನ್ನು ಎರಡು ಸಲ ಆಡಿದ ನಾಲಿಗೆ ನನ್ನದು. ಹದಿನೈದಕ್ಕೆ ಶಾಲೆ ಬಿಟ್ಟೆ. ಓದಿದ್ದೆಲ್ಲ ಆಮೇಲೆ, ಊರ ಲೈಬ್ರರಿಯಲ್ಲಿ. ಈ ಒಂದು ಪಾಠ ಮಾತ್ರ ಆ ಶಾಲೆಯದೇ.

ಮನೆಗೆ ಬಂದ ಅಮ್ಮ ಟೋಪಿ ತೆಗೆದು ಧೂಳು ಕೊಡವುತ್ತಾ ಕಿಟಕಿಗೆ ಹೋದಳು. ಆಚೆ ಸೇಡಿ ಆಂಟಿ ಕಾದಿದ್ದಳು. ಹೇಗಿತ್ತೇ, ಎಂದು ಅವಳ ತುಟಿ ಕೇಳಿತು. ಅಮ್ಮ ನನಗೆ ಬೆನ್ನಾಗಿದ್ದಳು. ಆದರೆ ಗಾಜಿನಲ್ಲಿ ಅವಳ ಬಾಯಿ ಕಾಣುತ್ತಿತ್ತು, ಮನೆ ಬಿಟ್ಟಾಗಿನಿಂದ ಮೊದಲ ಸಲ ಅಗಲವಾಗಿ ತೆರೆದಿತ್ತು. ಒಂದೊಂದು ಮಾತನ್ನೂ ಓದಿಕೊಂಡೆ.

“ಭಾಳ ಚೆನ್ನಾಗಿತ್ತು ಕಣೇ. ನಮ್ಮಮ್ಮ ಅಂತ ಎಲ್ಲರಿಗೂ ನನ್ನ ತೋರಿಸಿದ್ಲು.”