ಒಂದು ಮಾರು ದೂರ

ಕಳೆದ ತಿಂಗಳ ಮೊದಲ ಸೋಮವಾರ ನನ್ನ ಹೆಂಡತಿ ನೀಲಾಳ ರಕ್ತಪರೀಕ್ಷೆಯ ವರದಿ ಬಂತು. ಅವಳಿಗೆ ಮತ್ತೊಮ್ಮೆ ವಿಕಿರಣ ಅಯೋಡಿನ್ ಕೊಡಬೇಕೆಂದು ವೈದ್ಯಕೀಯ ಕಾಲೇಜಿನಲ್ಲಿ ಗ್ರಂಥಿರೋಗಗಳನ್ನು ನೋಡುವ ಎಂಡೋಕ್ರೈನಾಲಜಿ ವಿಭಾಗದವರು ನಿರ್ಧರಿಸಿದರು. ಹೊರಗೆ ಬೆಂಚಿನ ಮೇಲೆ ಚಡಚಣದ ಕಡೆಯ ಕುಟುಂಬವೊಂದು ಬುತ್ತಿ ಬಿಚ್ಚಿತ್ತು. ಸ್ಪಿರಿಟ್ಟಿನ ವಾಸನೆಯೊಳಗೆ ಶೇಂಗಾ ಹಿಂಡಿಯ ವಾಸನೆ ಬೆರೆತಿತ್ತು.

"ಈ ಸಲ ಎಷ್ಟ ದಿನಾ ದೂರ ಇರಬೇಕ್ರಿ?" ಎಂದಳು ನೀಲಾ. ಕಾಯಿಲೆಯ ಬಗ್ಗೆ ಅವಳು ಕೇಳಿದ್ದು ಅದೊಂದೇ.

ಆ ದೂರದ ವಿಷಯ ನಿಮಗೆ ಹೇಳಬೇಕು. ಮೊದಲ ಸಲ ಈ ಔಷಧ ಕೊಟ್ಟಾಗ ನಮ್ಮ ಮಗಳು ಸುಮಿಗೆ ಎರಡು ವರ್ಷವೂ ತುಂಬಿರಲಿಲ್ಲ. ನೀಲಾಳ ಕುತ್ತಿಗೆಯ ಥೈರಾಯ್ಡ್ ಗ್ರಂಥಿಯಲ್ಲಿ ಕ್ಯಾನ್ಸರಿನ ಗಂಟು ಇತ್ತು. ಶಸ್ತ್ರಚಿಕಿತ್ಸೆ ಮಾಡಿ ಗ್ರಂಥಿ ತೆಗೆದಿದ್ದರು. ಉಳಿದ ಚೂರುಪಾರನ್ನು ಸುಡುವುದಕ್ಕೆ ಈ ಅಯೋಡಿನ್. ಔಷಧ ಕುಡಿದವರ ಮೈಯಿಂದ ಕೆಲವು ದಿನ ವಿಕಿರಣ ಹೊಮ್ಮುತ್ತಿರುತ್ತದೆ. ಆಸ್ಪತ್ರೆಯಿಂದ ಬಂದ ಮೇಲೂ ಎರಡು ವಾರ ಕೂಸನ್ನು ಎತ್ತಿಕೊಳ್ಳುವ ಹಾಗಿಲ್ಲ. ಹಾಲನ್ನು ಮೊದಲೇ ಬಿಡಿಸಿದ್ದೆವು. ಇಂಡಿಯಿಂದ ನನ್ನ ಅಕ್ಕ ಗಂಗಕ್ಕ ಬಂದು ಸುಮಿಯನ್ನು ಕರೆದುಕೊಂಡು ಹೋದಳು.

ನಾನು ಪತ್ರಿಕೆಯಲ್ಲಿ ಕೆಲಸ ಮಾಡುವವನು. ಎಂಥ ವಿಷಯವನ್ನೂ ಮೂರು ವಾಕ್ಯದಲ್ಲಿ ಹೇಳಬಲ್ಲೆನೆಂಬ ಜಂಬವಿತ್ತು. ವಿಕಿರಣವೆಂದರೆ ಬಿಸಿಲಿನಂತೆ, ದೂರ ಇದ್ದಷ್ಟು ಒಳ್ಳೆಯದು ಎಂದು ನನ್ನ ಅವ್ವನಿಗೆ ವಿವರಿಸಿದೆ.

"ಬಿಸಲಾಗ ನಿಂತು ಹತ್ತಿ ಬಿಡಿಸಿದಾಕಿ ನಾ," ಎಂದಳು ಅವ್ವ. "ನನಗ ಬಿಸಲಿನ ಹೆದರಿಕಿ ಹಾಕ್ತಾನ ನೋಡ್ರಿ ಇವ!"

ಆಗ ವಿಭಾಗದಲ್ಲಿ ಒಂದು ಸಂಶೋಧನೆ ನಡೆದಿತ್ತು. ಇಂಥ ರೋಗಿಯೊಂದಿಗೆ ಒಂದೇ ಮನೆಯಲ್ಲಿ ಇರುವವರಿಗೆ ಎಷ್ಟು ವಿಕಿರಣ ತಗುಲುತ್ತದೆ ಎಂದು ಅಳೆಯುವುದು. ಮೈಸೂರು ಕಡೆಯ ಯುವ ಡಾಕ್ಟರೊಬ್ಬರು ಬಸವನ ಬಾಗೇವಾಡಿಯ ನಮ್ಮ ಮನೆಗೆ ಬಂದು, ನನಗೂ ಅವ್ವನಿಗೂ ತಗುಲಿದ ವಿಕಿರಣವನ್ನು ಅಳೆಯಲು ಎದೆಗೆ ಸಿಕ್ಕಿಸಿಕೊಳ್ಳುವ ಒಂದೊಂದು ಬ್ಯಾಡ್ಜ್ ಕೊಟ್ಟರು. ನೀಲಾಳಿಂದ ಒಂದು ಮಾರು ದೂರ ಇರಬೇಕು ಎಂದರು. ಅವ್ವ ಎರಡೂ ಕೈ ಚಾಚಿ, "ಇಷ್ಟಽನ್ರಿ?" ಎಂದು ಕೇಳಿದಳು. ನಾನು ಪಡಸಾಲೆಗೆ ಅಡ್ಡ ಹಗ್ಗ ಕಟ್ಟಿದೆ.

ನಮ್ಮ ಕಡೆ ಆಸ್ಪತ್ರೆಯಿಂದ ಬಂದವರನ್ನು ಮಾತಾಡಿಸದೆ ಬಿಡುವ ಪದ್ಧತಿ ಇಲ್ಲ. ಗೊಳಸಂಗಿಯಿಂದಲೂ ಬಾಳೆಹಣ್ಣು ಹಿಡಿದು ಜನ ಬಂದರು. ಹತ್ತಿರ ಕೂತು ಮೆಲ್ಲಗೆ ಕೇಳುವ ಮಾತನ್ನೆಲ್ಲ ಹಗ್ಗದಾಚೆಯಿಂದ ಕೂಗಿ ಕೇಳಿದರು. "ಏ ನೀಲಾ, ಹೊಟ್ಟಿ ಸಾಫ್ ಆಗೇತೇನಽ?" ಓಣಿಗೆಲ್ಲ ಉತ್ತರ ಗೊತ್ತಾಯಿತು. ನೀಲಾ ಆ ದಿನಗಳಲ್ಲಿ ನಕ್ಕದ್ದು ಅದೊಂದೇ ಸಲ.

ಸಂಜೆಗೊಮ್ಮೆ ಇಂಡಿಗೆ ಫೋನ್ ಮಾಡುತ್ತಿದ್ದಳು. "ಏನ್ ಉಂಡೀ ನನ್ನ ಬಂಗಾರಾ?" ಎಂದು ಕೇಳಿ ಕಾಯುವಳು. ಸುಮಿ ಮಾತಾಡುತ್ತಿರಲಿಲ್ಲ, ಫೋನಿಗೆ ಬಾಯಿ ಹಚ್ಚಿ ಉಸಿರಾಡುತ್ತಿದ್ದಳು. ನೀಲಾ ಅದನ್ನೇ ಕೇಳುತ್ತ ಕೂರುತ್ತಿದ್ದಳು. ಆಮೇಲೆ ಗಂಗಕ್ಕ ಫೋನ್ ತೆಗೆದುಕೊಂಡು, "ಆರಾಮ್ ಅದಾಳ ಬಿಡ, ನನ್ನ ಬಿಟ್ಟು ಇಳಿಯಾಂಗಿಲ್ಲ," ಎನ್ನುವಳು. ಸಮಾಧಾನಕ್ಕೆಂದೇ ಹೇಳಿದ ಮಾತು. ನೀಲಾ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದಳು.

ಎರಡು ವಾರದ ಮೇಲೆ ಡಾಕ್ಟರು ಬ್ಯಾಡ್ಜ್ ಒಯ್ಯಲು ಬಂದರು. ಅವ್ವನ ಸೀರೆಯ ಮೇಲೆ ಅದು ಕಾಣಲಿಲ್ಲ.

"ಅಜ್ಜಿ, ಬ್ಯಾಡ್ಜ್ ಎಲ್ಲಿ?"

"ಅಂಥಾದ್ದನ್ನ ಮೈಮ್ಯಾಲ ಹಾಕ್ಕೋತಾರೇನ್ರಿ ಡಾಕ್ಟರ? ಮುಸುರಿ ಸಿಡಿತೈತಿ. ಜಗಲಿ ಮ್ಯಾಲ ಇಟ್ಟೇನಿ, ದಿನಾ ಇಬತ್ತಿ ಹಚ್ಚೇನಿ."

ದೇವರ ಜಗಲಿ ಅಡುಗೆಮನೆಯ ಆಚೆ ಮೂಲೆಯಲ್ಲಿತ್ತು. ಡಾಕ್ಟರು ನಕ್ಕರು. "ನಿಮ್ಮ ದೇವರಿಗೆ ಏನೂ ತಗುಲಿರಲ್ಲ ಬಿಡಿ. ನೀವಾದರೂ ದೂರ ಇದ್ರಿ ತಾನೆ?"

ಅವ್ವ ಸುಳ್ಳು ಹೇಳುವವಳಲ್ಲ. "ನನ್ನ ಮಗ ಆಫೀಸಿಗೆ ಹೋದ ಮ್ಯಾಲ ಹಗ್ಗದ ಕೆಳಗ ಬಗ್ಗಿ ಒಳಗ ಹೋಗತಿದ್ನಿರಿ. ಅಕಿನ ತಲಿ ತೊಡಿ ಮ್ಯಾಲ ಇಟ್ಕೊಂಡು ಕುಂದರ್ತಿದ್ನಿ. ಅಳೋ ಹುಡುಗಿನ್ನ ಒಬ್ಬಾಕಿನ್ನ ಬಿಡಾಕ ಬರ್ತೈತೇನ್ರಿ?"

ಅವ್ವನ ವಯಸ್ಸಿನಲ್ಲಿ ಅಪಾಯವೇನಿಲ್ಲ, ಆದರೆ ಹತ್ತಿರ ಕೂತವರಿಗೆ ತಗುಲಿದ ಅಳತೆ ಸಿಗಬೇಕಾಗಿದ್ದದ್ದು ಈ ಬ್ಯಾಡ್ಜಿನಿಂದಲೇ ಎಂದರು ಡಾಕ್ಟರು. ವಿಭೂತಿ ಒರೆಸಿ ಅದನ್ನು ಚೀಲಕ್ಕೆ ಹಾಕಿಕೊಂಡರು.

ಮರುದಿನ ಗಂಗಕ್ಕ ಸುಮಿಯನ್ನು ಕರೆತಂದಳು. ನೀಲಾ ತಲೆ ಎರೆದುಕೊಂಡು, ಇಳಕಲ್ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು. ಸುಮಿ ಅವಳನ್ನು ನೋಡಿ ಗಂಗಕ್ಕನ ಸೆರಗಿನೊಳಗೆ ಹೋದಳು. "ಅವ್ವಾ" ಎಂದು ಕರೆದಳು, ಕರೆದದ್ದು ಗಂಗಕ್ಕನನ್ನು.

"ಏ ಹುಚ್ಚಿ, ನಿಮ್ಮವ್ವ ಅಕಿ, ಹೋಗ," ಎಂದು ಗಂಗಕ್ಕ ಬಿಡಿಸಿಕೊಳ್ಳಲು ನೋಡಿದಳು. ಅವಳ ಕೈ ಮಾತ್ರ ಕೂಸಿನ ಬೆನ್ನ ಮೇಲೇ ಇತ್ತು.

"ಇರ್ಲಿ ಬಿಡ್ರಿ ಅಕ್ಕಾ, ಒತ್ತಾಯ ಮಾಡಬ್ಯಾಡ್ರಿ," ಎಂದು ನೀಲಾ ಚಹಾ ಇಡಲು ಒಳಗೆ ಹೋದಳು. ಆ ಚಹಾ ಬಹಳ ಹೊತ್ತು ಕುದಿಯಿತು. ಸುಮಿ ತಾನಾಗಿ ಅವಳ ಮಗ್ಗುಲಿಗೆ ಬಂದದ್ದು ಗಂಗಕ್ಕ ಇಂಡಿಗೆ ಮರಳಿದ ಎಷ್ಟೋ ದಿನಗಳ ಮೇಲೆ.

ಅವ್ವ ಈಗಿಲ್ಲ. ಸುಮಿ ಸಿಂದಗಿಯ ಶಾಲೆಯಲ್ಲಿ ಟೀಚರ್. ಅವಳಿಗೆ ಅದೊಂದೂ ನೆನಪಿಲ್ಲ. ನೀಲಾ ಹೇಳಿಯೂ ಇಲ್ಲ. ನಾನೂ ಹೇಳಿರಲಿಲ್ಲ, ಈ ತಿಂಗಳ ತನಕ.

ಮೊನ್ನೆ ಔಷಧ ಕೊಡಿಸಿ ನೀಲಾಳನ್ನು ಮನೆಗೆ ಕರೆತಂದೆ. ನಿನ್ನೆ ಮೊದಲ ಬಸ್ಸಿಗೆ ಸುಮಿ ಬಂದಳು. ಕೋಣೆಯ ಬಾಗಿಲಾಚೆ ಚಾಪೆ ಹಾಸಿ ಕೂತಳು.

"ಸಾಲಿ ಬಿಟ್ಟು ಇಲ್ಲಿ ಯಾಕ ಕುಂತಿ? ಹೋಗವಾ," ಎಂದಳು ನೀಲಾ ಒಳಗಿನಿಂದ.

"ರಜಾ ಹಾಕೇನಿ ಬೇ. ನೀ ಏನ್ ಉಂಡೀ ಹೇಳ."

ಇಂದು ಮಧ್ಯಾಹ್ನವೂ ಸುಮಿ ಅಲ್ಲಿಯೇ ಕೂತಿದ್ದಾಳೆ.