ಸಗಟು ಮಳಿಗೆಯಲ್ಲಿ ಸಿಕ್ಕ ರಾಗಿ

ಗೆಳೆಯರೇ, ಇವತ್ತು ಬೆಳಿಗ್ಗೆ ಮಗಳು ನಿಧಿಯನ್ನು ಕರೆದುಕೊಂಡು ಕೊಯಮತ್ತೂರಿನ ಒಂದು ದೊಡ್ಡ ಸಗಟು ಮಳಿಗೆಗೆ ಹೋಗಿದ್ದೆ. ಅವಳಿಗೆ ಆರು ವರ್ಷ. ಗೋಧಿ ಆಗುವುದಿಲ್ಲ, ಚೂರು ಹೊಟ್ಟೆಗೆ ಹೋದರೂ ವಾರಗಟ್ಟಲೆ ನರಳುತ್ತಾಳೆ.

ರಾಗಿ ಹಿಟ್ಟಿನ ಪ್ಯಾಕೆಟ್‌ಗಳನ್ನು ಗಾಡಿಗೆ ಹಾಕುತ್ತಾ, "ಇದರಲ್ಲಿ ಗೋಧಿ ಇಲ್ಲ ಪುಟ್ಟಿ, ನೀನು ತಿನ್ನಬಹುದು" ಎಂದೆ. ಪಕ್ಕದಲ್ಲಿ ಚೀಲ ಜೋಡಿಸುತ್ತಿದ್ದ ಕೆಲಸದ ಹೆಂಗಸು ಕನ್ನಡ ಕೇಳಿ ಥಟ್ಟನೆ ತಿರುಗಿ, ತಮಿಳು ಬೆರೆತ ಕನ್ನಡದಲ್ಲಿ ಹೇಳಿದರು.

"ಅಯ್ಯೋ, ಅದು ವೇಂಡಾಮ್ಮಾ, ಬೇಡ! ಈ ಹಿಟ್ಟು ಮಾಡೋ ಮಿಲ್‌ನಲ್ಲಿ ನಾನೇ ಕೆಲಸ ಮಾಡಿದ್ದೀನಿ. ಗೋದಿ ಅರೆಯೋ ಮಿಷಿನ್‌ಲೇ ರಾಗೀನೂ ಅರೀತಾರೆ."

ಹಿಂದೆಯೇ ಸೂಪರ್‌ವೈಸರ್ ನಿಂತಿದ್ದರು. "ನೀನಿಲ್ಲಿ ಸರಕು ಮಾರೋಕಿದ್ದೀಯೋ, ಗಿರಾಕೀನ ಓಡಿಸೋಕೋ?" ಎಂದು ತಮಿಳಿನಲ್ಲಿ ಗದರಿದರು. ಆಕೆಯ ಮುಖ ಬಾಡಿಹೋಯಿತು.

ನಾನು ಬಾಯಿ ತೆರೆಯುವ ಮೊದಲೇ ನಿಧಿ, ಶಾಲೆಯಲ್ಲಿ ಕಲಿತ ಹರುಕು ತಮಿಳಿನಲ್ಲಿ, "ಅವರನ್ನ ಬೈಬೇಡಿ ಅಂಕಲ್. ಗೋಧಿ ತಿಂದ್ರೆ ನಾನು ಆಸ್ಪತ್ರೆಗೆ ಹೋಗ್ಬೇಕು" ಎಂದಳು.

ಸೂಪರ್‌ವೈಸರ್ ಅವಳತ್ತ ನೋಡಿದರು. ಒಳಗೆ ಹೋಗಿ, ಅರೆಯದ ರಾಗಿ ಕಾಳಿನ ಮೂಟೆಯೊಂದನ್ನು ತಾವೇ ತಳ್ಳಿಕೊಂಡು ಬಂದರು. ಬಿಡಿಯಾಗಿ ಕೊಡುವಂತಿಲ್ಲವಂತೆ, ಮೂವತ್ತು ಕೆಜಿ!

"ಕಾಳಾದ್ರೆ ಕಣ್ಣಿಗೆ ಕಾಣುತ್ತಮ್ಮಾ. ಆರಿಸಿ, ತೊಳೆದು, ಮನೇಲೇ ಅರ್ಕೊಳ್ಳಿ" ಎಂದು ಆ ಹೆಂಗಸು ನಿಧಿಯ ಕೆನ್ನೆ ಸವರಿದರು. ನಾನು ಹಿಟ್ಟಿನ ಪ್ಯಾಕೆಟ್‌ಗಳನ್ನು ವಾಪಸ್ ಇಟ್ಟು, ಆ ಮೂಟೆಯನ್ನೇ ಕೊಂಡೆ.

ಈಗ ತಾರಸಿಯಲ್ಲಿ ತೊಳೆದ ರಾಗಿ ಒಣಗುತ್ತಿದೆ, ನಿಧಿ ಕೊಡೆ ಹಿಡಿದು ಕಾವಲಿಗೆ ಕೂತಿದ್ದಾಳೆ. ಈ ಊರಲ್ಲಿರುವವರೆಲ್ಲ ಮುದ್ದೆಗೆ ಬನ್ನಿ. ಆದರೆ ಕೈಯಲ್ಲಿ ಗೋಧಿ ಬಿಸ್ಕತ್ತು ಹಿಡಿದು ಬಂದವರನ್ನು ಈ ಕಾವಲುಗಾರ್ತಿ ಒಳಗೆ ಬಿಡುತ್ತಾಳೆಂಬ ಭರವಸೆ ನಾನು ಕೊಡಲಾರೆ.