ಶಂಕ್ರೆಪ್ಪನವರ ಹರ್ನಿಯಾ

ತಿಕೋಟಾದಲ್ಲಿ ದ್ರಾಕ್ಷಿ ತೋಟದ ಔಷಧ ಮಾರುವ ಶಂಕ್ರೆಪ್ಪನವರು ಮಹಾಜ್ಞಾನಿಗಳು. ಅಂಗಡಿಗೆ ಬಂದ ರೈತನಿಗೆ ಬಳ್ಳಿಯ ರೋಗಕ್ಕಷ್ಟೇ ಅಲ್ಲ, ಅವನ ಮೊಣಕಾಲಿಗೂ, ಹೆಂಡತಿಯ ಬಿಪಿಗೂ ಪುಕ್ಕಟೆ ಸಲಹೆ ಸಿಗುತ್ತಿತ್ತು. ತಮ್ಮ ಸಕ್ಕರೆ ಕಾಯಿಲೆಗೆ ಮಾತ್ರ, "ಬೆಲ್ಲದ ಚಹಾಕ್ಕ ಶುಗರ್ ಏರೂದಿಲ್ಲ" ಎಂದು ತೀರ್ಪು ಕೊಟ್ಟು ಸುಮ್ಮನಾಗಿದ್ದರು.

ಶುಗರ್ ಆ ತೀರ್ಪಿಗೆ ಕಿಮ್ಮತ್ತು ಕೊಡಲಿಲ್ಲ. ಹೇಳಬಾರದ ಜಾಗದ ಮುಂದೊಗಲು ಮತ್ತೆ ಮತ್ತೆ ಹುಣ್ಣಾಗಿ, ಬಿಗಿದುಕೊಂಡು, ಮೂತ್ರ ಮಾಡುವುದೇ ಶಿಕ್ಷೆಯಾಯಿತು. ವಿಜಯಪುರದ ಡಾಕ್ಟರು ನೋಡಿ, "ಸುನ್ನತಿ ಆಪರೇಶನ್ ಮಾಡಬೇಕ್ರಿ" ಎಂದಾಗ ಶಂಕ್ರೆಪ್ಪನವರು ಮೊದಲು ಎದ್ದು ಬಾಗಿಲು ಮುಚ್ಚಿದರು. ಜೀವದ ಚಿಂತೆಯಲ್ಲ ಮಹಾರಾಯರಿಗೆ, ಊರ ಬಾಯಿಯ ಚಿಂತೆ!

ಡಾಕ್ಟರು ಎಚ್ಚರಿಸಿದರು: "ಸಣ್ಣ ಆಪರೇಶನ್ ಖರೆ. ಆದ್ರ ನಿಮಗ ಶುಗರ್ ಐತಿ. ರಕ್ತ ಸೋರಬಹುದು, ಕೀವಾಗಬಹುದು. ಗಾಯ ಮಾಯೂತನಕ ಬೈಕ್ ಹತ್ತಬ್ಯಾಡ್ರಿ. ರಕ್ತ ನಿಲ್ಲಲಿಲ್ಲಂದ್ರ, ಜ್ವರ ಬಂದ್ರ, ಮೂತ್ರ ಕಟ್ಟಿದ್ರ ಓಡಿ ಬರ್ರಿ."

ಇಷ್ಟೆಲ್ಲ ಕೇಳಿ ಶಂಕ್ರೆಪ್ಪನವರು ಕೇಳಿದ್ದು ಒಂದೇ ಮಾತು: "ಹೊರಗ ಯಾರಿಗೂ ಗೊತ್ತಾಗೂದಿಲ್ಲಲ್ರಿ?"

ಶುಗರ್ ಇಳಿಸಿ ಆಪರೇಶನ್ ಮಾಡಿದರು. ಮನೆಯಲ್ಲಿ ಹೇಳಿದ್ದು ಹರ್ನಿಯಾ ಎಂದು. ಹೆಂಡತಿ ಲಕ್ಕವ್ವ ಪಾಪ, ದಿನಾ ಅವರ ಹೊಟ್ಟೆಯ ಮೇಲೆ ಕೈಯಾಡಿಸಿ "ಇಲ್ಲೇ ನೋವೈತೇನ್ರಿ?" ಎನ್ನುತ್ತಿದ್ದಳು. ಮಾತಾಡಿಸಲು ಬಂದವರು ತಂದ ಪೇಡೆಯನ್ನು ಹರ್ನಿಯಾದವರು ಬೇಡವೆನ್ನುವುದು ಹೇಗೆ? ತಿಂದರು.

ಆಮೇಲೆ ಬಬಲೇಶ್ವರದ ಅಳಿಯ ಸಂಗನಬಸವ ಬಂದ. "ಹರ್ನಿಯಾಕ್ಕ ಹಿಂಗ್ಯಾಕ ಮಕ್ಕೊಂಡೀರಿ ಮಾವಾರ? ಬರ್ರಿ, ನಮ್ಮ ದ್ರಾಕ್ಷಿ ಪಡ ನೋಡಿ ಬರೂಣು." ಒಲ್ಲೆನೆಂದರೆ ಸಂಶಯ ಬಂದೀತು. ಶಂಕ್ರೆಪ್ಪನವರು ಹಲ್ಲು ಕಚ್ಚಿ ಬೈಕಿನ ಹಿಂದೆ ಕಾಲು ಅಗಲಿಸಿ ಕೂತರು. ತಗ್ಗುದಿನ್ನೆಯ ದಾರಿಯಲ್ಲಿ ಹೊಲಿಗೆ ಬಿಚ್ಚಿತು.

ಮನೆಗೆ ಬಂದು ರಕ್ತ ನಿಲ್ಲಲೆಂದು ಕರವಸ್ತ್ರ ಬಿಗಿದು ಕಟ್ಟಿಕೊಂಡರು. ಎಷ್ಟೆಂದರೂ ಜ್ಞಾನಿಗಳು! ಮರುದಿನ ಮೂತ್ರ ಕಟ್ಟಿತು, ಮೈ ಕೆಂಡವಾಯಿತು. ಧೋತರ ಕೆಂಪಾದದ್ದು ಲಕ್ಕವ್ವನ ಕಣ್ಣಿಗೆ ಬಿತ್ತು. ಆಗಲೂ ಗಂಡನ ಬಾಯಲ್ಲಿ "ಹರ್ನಿಯಾ ಹಿಂಗ ಇರ್ತೈತಿ" ಎಂಬುದೇ. ಅವಳು ಕಿವಿಗೆ ಹಾಕಿಕೊಳ್ಳದೆ ಕಾರು ತರಿಸಿ ವಿಜಯಪುರಕ್ಕೆ ಒಯ್ದಳು.

ಡಾಕ್ಟರು ಕರವಸ್ತ್ರ ಕತ್ತರಿಸಿ, ಮೂತ್ರಕ್ಕೆ ನಳಿಗೆ ಇಟ್ಟು, ಮತ್ತೆ ಹೊಲಿಗೆ ಹಾಕಿದರು. ಹೊರಗೆ ಬಂದು ಲಕ್ಕವ್ವನಿಗೆ ಎಲ್ಲ ಬಿಚ್ಚಿ ಹೇಳಿದರು. "ಇನ್ನೊಂದೀಟು ತಡ ಆಗಿದ್ರ ನಂಜು ಮೈಗೆಲ್ಲ ಏರ್ತಿತ್ರಿ ತಾಯಿ, ಜೀವಕ್ಕ ಅಪಾಯ ಇತ್ತು."

ಅವಳು ಒಳಗೆ ಬಂದದ್ದೇ ಶಂಕ್ರೆಪ್ಪನವರು ಪಿಸುಗುಟ್ಟಿದರು: "ಊರಾಗ ಯಾರಿಗೂ ಹೇಳಬ್ಯಾಡ."

ಲಕ್ಕವ್ವ ಕೆಂಪಾದ ಧೋತರ ಮಡಚಿ ಚೀಲಕ್ಕೆ ತುರುಕಿದಳು. "ಹೇಳೂದಿಲ್ಲ ಬಿಡ್ರಿ. ಇವತ್ತ ನಿಮ್ಮ ಜೀವ ಹೋಗಿದ್ರ, ಹರ್ನಿಯಾ ಅಂತ ಹೇಳೇ ಮಣ್ಣು ಮಾಡಬೇಕಿತ್ತೇನ್ರಿ ನಿಮ್ಮನ್ನ?"